ಗಾಡಿಯ ಹಿಂದಿನ ತೂಕ

ಮಾರ್ಚ್ 4

ತಮ್ಮಾ,

ಕ್ಷೇಮ ಎಂದು ಬರೆಯುವ ಹಾಗಿಲ್ಲ, ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ. ನೀನು ಫೋನ್ ಮಾಡಬೇಡ. ಈ ದೂರದ ಆಸ್ಪತ್ರೆಯಲ್ಲಿ ಫೋನು ನಿನ್ನ ಭಾವನ ದಿಂಬಿನ ಪಕ್ಕದಲ್ಲೇ ಇರುತ್ತದೆ. ನಾನು ನಿನ್ನನ್ನು ಬೈಯುವುದು ಕೇಳಿಸಿದರೆ ಅವರು ನಿನ್ನ ಪರ ವಹಿಸಿ ನನ್ನ ಮೇಲೇ ರೇಗುತ್ತಾರೆ. ಕಾಗದದಲ್ಲಾದರೆ ಹೇಳುವುದನ್ನು ಪೂರ್ತಿ ಹೇಳಬಹುದು, ನೀನೂ ನಡುವೆ ಬಾಯಿ ಹಾಕುವ ಹಾಗಿಲ್ಲ.

ನಿನ್ನೆ ನಿಮ್ಮ ಗೋಡೌನಿನ ಆಫೀಸಿನಿಂದ ಒಬ್ಬ ಬಂದಿದ್ದ. ಕೈಯಲ್ಲಿ ಹಣ್ಣಿನ ಚೀಲ, ಮುಖದಲ್ಲಿ ಸಾವಿನ ಮನೆಗೆ ಬಂದವನ ಕಳೆ. ನನ್ನನ್ನು ವಾರ್ಡಿನ ಹೊರಗೆ ಕರೆದು ನೀನು ಕೊಟ್ಟಿರುವ ಹೇಳಿಕೆ ಓದಿ ಹೇಳಿದ. 'ಗಾಡಿಯ ಮೇಲೆ ಹತ್ತಲು ನಾನು ಯಾರನ್ನೂ ಕರೆಯಲಿಲ್ಲ. ನಾನು ಮುಂದೆ ಲೋಡ್ ನೋಡುತ್ತಿದ್ದೆ.' ಇಷ್ಟೇ. ಕೆಳಗೆ ನಿನ್ನ ಸಹಿ. ತಾನಾಗಿ ಹತ್ತಿದವರಿಗೆ ಕಂಪನಿ ಹೊಣೆಯಲ್ಲವಂತೆ, ಪರಿಹಾರವೂ ಇಲ್ಲವಂತೆ. ಹೀಗೆಂದು ನಯವಾಗಿ ಹೇಳಿ, "ಹಣ್ಣು ತೊಳ್ದು ಕೊಡಿ ಅಮ್ಮಾ" ಎಂದು ಹೊರಟುಹೋದ.

ನಿನ್ನ ಭಾವ ಫೋರ್ಕ್‌ಲಿಫ್ಟಿನ, ಆ ಭಾರ ಎತ್ತುವ ಗಾಡಿಯ, ಹಿಂಭಾಗಕ್ಕೆ ಹತ್ತಿ ನಿಂತದ್ದು ಮೋಜಿಗಾ? ಗಾಡಿಯ ಶಕ್ತಿ ಮೀರಿದ ಭಾರ ಎತ್ತಿದರೆ ಹಿಂದಿನ ಚಕ್ರ ಮೇಲೇಳುತ್ತದೆ, ಅದನ್ನು ನೆಲಕ್ಕೆ ಅದುಮಿ ಹಿಡಿಯಲು ಒಬ್ಬ ದಪ್ಪ ಮನುಷ್ಯ ಹಿಂದೆ ನಿಲ್ಲಬೇಕು ಎಂಬುದನ್ನು ಮದುವೆಯಾದಾಗಿನಿಂದ ಕೇಳುತ್ತಾ ಬಂದಿದ್ದೇನೆ. ಗೋಡೌನಿನಲ್ಲಿ ಅವರಿಗೆ 'ಬಂಡೆ' ಎಂದು ಹೆಸರಿಟ್ಟದ್ದೂ ಅದಕ್ಕೇ. ಆ ಗಾಡಿಯ ಸೀಟಿನಲ್ಲಿ ನಿನ್ನನ್ನು ಕೂರಿಸಿ ಎಂದು ಸೂಪರ್‌ವೈಸರನ ಬೆನ್ನು ಬಿದ್ದು ಕೇಳಿದವರೂ ಅವರೇ. ಅದನ್ನು ನೆನಪಿಸಬೇಕಾದ ಗತಿ ನನಗೆ ಬಂತಲ್ಲ ಎಂದು ಹೊಟ್ಟೆ ಉರಿಯುತ್ತದೆ.

ಕರೆದೆಯೋ, ಇಲ್ಲವೋ? ಒಂದೇ ಮಾತಿನಲ್ಲಿ ಬರೆ.

ಅಕ್ಕ


ಮಾರ್ಚ್ 13

ಅಕ್ಕಾ,

ನಿನ್ನ ಕಾಗದ ಬಂದು ತಲುಪಿತು. ಮನೆಯ ಬೀಗ ತೆಗೆದು ಒಂದು ಸಲ ಗುಡಿಸಿ ಬಂದೆ. ಅಡುಗೆಮನೆಯ ನಲ್ಲಿ ಸೋರುತ್ತಿತ್ತು, ವಾಷರ್ ಬದಲಾಯಿಸಿದೆ. ಕಿಟಕಿಯ ಗಿಡಗಳು ಬಾಡಿದ್ದವು, ಒಂದೆರಡು ಚೇತರಿಸಿಕೊಳ್ಳಬಹುದು. ಗೋಡೌನಿನ ಕಪಾಟಿನಲ್ಲಿ ಭಾವನ ಬೂಟು, ಟವೆಲು ಇದ್ದವು, ತಂದಿಟ್ಟಿದ್ದೇನೆ.

ಅವತ್ತಿನದನ್ನು ಹೇಳುತ್ತೇನೆ. ಅದೊಂದು ಮುದ್ರಣದ ಯಂತ್ರ, ಮರದ ಪೆಟ್ಟಿಗೆಯಲ್ಲಿತ್ತು. ಹೊರಗೆ ಲಾರಿಯವನು ಹಾರ್ನ್ ಹೊಡೆಯುತ್ತಲೇ ಇದ್ದ. ಸೂಪರ್‌ವೈಸರ್ "ಬೇಗ, ಬೇಗ" ಎನ್ನುತ್ತಿದ್ದ. ಗಾಡಿಯ ಮುಂದಿನ ಕಬ್ಬಿಣದ ಫೋರ್ಕನ್ನು ಪೆಟ್ಟಿಗೆಯ ಕೆಳಗೆ ತೂರಿಸಿ ಎತ್ತಿದೆ. ಹಿಂದಿನ ಚಕ್ರ ಎದ್ದಿತು. ಭಾವ ಬಂದು ಹತ್ತಿದರು. ಬಾಗಿಲಿನ ಇಳಿಜಾರು ಹತ್ತಿಸುವಾಗ ಪೆಟ್ಟಿಗೆ ಜಾರಿ ಮುಂದಕ್ಕೆ ಬಿತ್ತು. ಮುಂದಿನ ಭಾರ ಒಮ್ಮೆಲೇ ಹೋದದ್ದರಿಂದ ಹಿಂಭಾಗ ದಡಕ್ಕನೆ ನೆಲಕ್ಕೆ ಅಪ್ಪಳಿಸಿತು. ಗಾಡಿ ಹಿಂದಕ್ಕೆ ಜಾರಿತು. ನಾನು ಬ್ರೇಕ್ ತುಳಿದೆ. ಹಿಂದೆ ಕಂಬ ಇತ್ತು.

ಕರೆಯಲಿಲ್ಲ ಎಂದು ಬರೆಸಿದ್ದು ಸುಳ್ಳಲ್ಲ ಅಕ್ಕಾ. ನನ್ನ ಬಾಯಿಂದ ಒಂದು ಶಬ್ದವೂ ಹೊರಡಲಿಲ್ಲ. ಬೇಕಾದರೆ ಅಲ್ಲಿದ್ದವರನ್ನು ಯಾರನ್ನಾದರೂ ಕೇಳು.

ಡಾಕ್ಟರು ಕಾಲಿನ ಬಗ್ಗೆ ಏನೆನ್ನುತ್ತಾರೆ?

ನಿನ್ನ ತಮ್ಮ


ಮಾರ್ಚ್ 22

ತಮ್ಮಾ,

ನಲ್ಲಿಯ ವಾಷರ್ ಬದಲಾಯಿಸಿದ್ದಕ್ಕೆ ದೊಡ್ಡ ಉಪಕಾರವಾಯಿತು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂತೆ ಬರೆಯುವುದನ್ನು ನೀನು ಯಾವಾಗ ಕಲಿತೆ? ಚಿಕ್ಕವನಿದ್ದಾಗ ಸಕ್ಕರೆ ಡಬ್ಬಿ ಚೆಲ್ಲಿದಾಗಲೂ "ಡಬ್ಬಿ ಬಿತ್ತು" ಎನ್ನುತ್ತಿದ್ದೆ, "ಬೀಳಿಸಿದೆ" ಎಂದು ಒಂದು ದಿನವೂ ಹೇಳಿದವನಲ್ಲ. 'ಚಕ್ರ ಎದ್ದಿತು. ಭಾವ ಬಂದು ಹತ್ತಿದರು' ಎಂದು ಬರೆದಿದ್ದೀಯ. ಆ ಎರಡು ವಾಕ್ಯಗಳನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಚಕ್ರ ಎದ್ದ ಮೇಲೆ, ಅವರು ಅಷ್ಟು ದೂರದಿಂದ ನಡೆದು ಬರುವ ತನಕ, ನೀನು ಏನು ಮಾಡುತ್ತಿದ್ದೆ?

ಇಲ್ಲಿಯ ಕಥೆ ಕೇಳು. ಆಫೀಸಿನವನು ಮತ್ತೆ ಬಂದ, ಈ ಸಲ ಇವರ ಹೇಳಿಕೆ ಬರೆದುಕೊಳ್ಳಲು. ನಾನು ಕಣ್ಸನ್ನೆ ಮಾಡಿದೆ, ಕೆಮ್ಮಿದೆ, ಮಂಚದ ಕಾಲನ್ನು ಒದ್ದೆ. ಇವರು ನನ್ನ ಕಡೆ ನೋಡಲೇ ಇಲ್ಲ. "ಯಾರೂ ಕರೀಲಿಲ್ಲ ಸಾರ್. ನನ್ನ ಕರೀಬೇಕಾ? ಚಕ್ರ ಎದ್ರೆ ನಾನೇ ಹೋಗ್ತೀನಿ. ನಾನಿಲ್ದೆ ಆ ಗಾಡಿ ನಿಲ್ಲಲ್ಲ" ಎಂದರು. ಹೇಳುವಾಗ ಮುಖ ಹೇಗೆ ಅರಳಿತ್ತು ಗೊತ್ತಾ! ಸೊಂಟದಿಂದ ಕೆಳಗೆ ಪೂರ್ತಿ ಬ್ಯಾಂಡೇಜು, ಮೇಲೆ ಆ ಜಂಬ. ಅವನು ಬರೆದುಕೊಂಡು ಓಡಿಯೇ ಹೋದ.

ನಾನು ಜಗಳ ತೆಗೆದೆ. ಆಗ ಅವರು ಮೆಲ್ಲಗೆ ಹೇಳಿದರು: "ಸ್ಕೂಲಲ್ಲಿ ನನ್ನ ಬೆಂಚಲ್ಲಿ ಯಾರೂ ಕೂರ್ತಿರ್ಲಿಲ್ಲ. ಬಸ್ಸಲ್ಲಿ ಪಕ್ಕದೋರು ಎದ್ದು ಹೋಗ್ತಾರೆ. ಅಲ್ಲೊಂದು ಕಡೆ ಮಾತ್ರ ಕಣೇ, ನಾನು ಬರ್ಲಿ ಅಂತ ಜನ ಕಾಯ್ತಾರೆ. ಹುಡುಗನ ಕೆಲಸ ಹೋಗೋದು ಬೇಡ."

ಹುಡುಗ ಎಂದರೆ ನೀನು. ಕೇಳಿಸಿತಾ? ನಾನು ನಲ್ಲಿಯ ಹತ್ತಿರ ಹೋಗಿ ಅತ್ತು ಬಂದೆ.

ಕಾಲ ಬೆರಳುಗಳು ಕಪ್ಪಾಗಿವೆ. ಈ ವಾರ ನೋಡಿ ಹೇಳುತ್ತೇವೆ ಎಂದಿದ್ದಾರೆ.

ಅಕ್ಕ


ಏಪ್ರಿಲ್ 9

ಅಕ್ಕಾ,

ಕಾದೆ.

ನೀನು ಕೇಳಿದ್ದಕ್ಕೆ ಉತ್ತರ ಅಷ್ಟೇ. ಫೋರ್ಕ್ ಎತ್ತಿ, ಎಂಜಿನ್ ಬಂದ್ ಮಾಡದೆ, ಸುಮ್ಮನೆ ಕೂತು ಕಾದೆ. ಭಾರದ ಪೆಟ್ಟಿಗೆ ಎತ್ತಿಕೊಂಡು ಗಾಡಿ ನಿಂತಿದೆ ಎಂದರೆ ಅದು ಯಾರಿಗಾಗಿ ನಿಂತಿದೆ ಎಂದು ಇಡೀ ಗೋಡೌನಿಗೇ ಗೊತ್ತು. ಭಾವ ಟೀ ಕುಡಿಯುತ್ತಿದ್ದರು. ಲೋಟ ಕೆಳಗಿಟ್ಟು, ಪ್ಯಾಂಟು ಮೇಲೆಳೆದುಕೊಂಡು, "ಬಂದೆ ಬಂದೆ, ಬಂಡೆ ಬಂತು" ಎಂದು ಎಲ್ಲರನ್ನೂ ನಗಿಸುತ್ತಾ ಬಂದರು. ಕನ್ನಡಿಯಲ್ಲಿ ಅವರು ಹತ್ತಿದ್ದನ್ನು ನೋಡಿಯೇ ನಾನು ಗಾಡಿ ಬಿಟ್ಟದ್ದು. ಆಮೇಲೆ ಕನ್ನಡಿ ನೋಡಲಿಲ್ಲ.

ಇದನ್ನು ಹಾಗೇ ಬರೆಸಬಹುದಿತ್ತು. ಆದರೆ ಹೇಳಿಕೆ ಬರೆಸುವಾಗ ಸೂಪರ್‌ವೈಸರ್ ನನ್ನ ಪಕ್ಕದಲ್ಲೇ ಕೂತಿದ್ದ. "ಕರೆದ್ಯಾ? ಇಲ್ಲ ತಾನೇ? ಹಂಗಾದ್ರೆ ಇಲ್ಲ ಅನ್ನು, ಮುಗೀತು. ಲೈಸೆನ್ಸ್ ಹೋದ್ರೆ ಇನ್ನೇನ್ ಕಸುಬು ಗೊತ್ತಪ್ಪ ನಿಂಗೆ?" ಎಂದ. ನಿಜ ಹೇಳುತ್ತೇನೆ ಅಕ್ಕಾ, ನನಗೆ ಇನ್ನೊಂದು ಕಸುಬು ಗೊತ್ತಿಲ್ಲ. ಹೊಸದೊಂದು ಬ್ಯಾಟರಿ ಗಾಡಿ ಬರಲಿದೆ, ಅದು ನಿನಗೇ ಎಂದೂ ಹೇಳಿದ್ದಾನೆ. ಈ ಮಾತು ನನಗೆ ಬಿಸಿತುಪ್ಪವಾಗಿದೆ, ನುಂಗಲೂ ಆಗುತ್ತಿಲ್ಲ, ಉಗುಳಲೂ ಆಗುತ್ತಿಲ್ಲ.

ಭಾವನೇ ಯಾರೂ ಕರೆಯಲಿಲ್ಲ ಎಂದು ಹೇಳಿರುವಾಗ ಈಗ ನಾನು ಬೇರೆ ಹೇಳಿದರೆ ಅವರನ್ನು ಸುಳ್ಳುಗಾರ ಮಾಡಿದ ಹಾಗಾಗುವುದಿಲ್ಲವೇ? ನೀನೇ ಯೋಚಿಸು.

ನಿನ್ನ ತಮ್ಮ


ಏಪ್ರಿಲ್ 15

ತಮ್ಮಾ,

ಸೋಮವಾರ ಕಾಲು ತೆಗೆದರು. ಮೊಣಕಾಲಿನ ಮೇಲಿನಿಂದ.

ಎಚ್ಚರವಾದಾಗ ಮೊದಲು ಹೇಳಿದ್ದು, "ಈಗ ನನ್ನ ತೂಕ ಎಷ್ಟು ಅಂತ ಕೇಳ್ಕೊಂಡು ಬಾರೇ." ನರ್ಸಮ್ಮ ನಕ್ಕಳು. ಅವಳು ಅತ್ತ ಹೋದ ಮೇಲೆ ಅವರು ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ಅವತ್ತು ಪೂರ್ತಿ ಇತ್ತ ತಿರುಗಲಿಲ್ಲ.

ಯೋಚಿಸು ಎಂದು ನನಗೆ ಬರೆದಿದ್ದೀಯ. ಯೋಚಿಸುವುದು ನನ್ನ ಪಾಲಿಗೆ, ಗಾಡಿ ನಿನ್ನ ಪಾಲಿಗೆ, ಅಲ್ಲವೇ? ನನ್ನದು ಒಂದೇ ಒಂದು ಪ್ರಶ್ನೆ. ಆ ಗೋಡೌನಿಗೆ ಭಾರದ ಪೆಟ್ಟಿಗೆ ಬರುವುದು ನಿಂತಿಲ್ಲ. ಈಗ ನಿನ್ನ ಗಾಡಿಯ ಹಿಂದೆ ಯಾರು ನಿಲ್ಲುತ್ತಾರೆ?

ಅಕ್ಕ


ಮೇ 20

ಅಕ್ಕಾ,

ಉತ್ತರ ತಡವಾಯಿತು. ಮೂರು ಸಲ ಬರೆದು ಹರಿದೆ.

ಇಬ್ಬರು ನಿಲ್ಲುತ್ತಾರೆ. ಒಬ್ಬ ಹಮಾಲಿ, ಒಬ್ಬ ಕಾವಲಿನವನು. ಇಬ್ಬರೂ ಸಣಕಲು. ಇಬ್ಬರನ್ನೂ ಸೇರಿಸಿದರೆ ಒಬ್ಬ ಭಾವ ಆಗುತ್ತಾರೆ ಎಂದು ಅವರೇ ತಮಾಷೆ ಮಾಡಿಕೊಂಡು ಹತ್ತುತ್ತಾರೆ. ಅಪಘಾತದ ಮರುವಾರ ಗೋಡೆಗೆ 'ಗಾಡಿಯ ಮೇಲೆ ಹತ್ತಬಾರದು' ಎಂದು ಕೆಂಪು ಬೋರ್ಡು ತೂಗುಹಾಕಿದ್ದಾರೆ. ಆ ಬೋರ್ಡು ತೂಗುಹಾಕಲೂ ಕಾವಲಿನವನನ್ನು ಫೋರ್ಕಿನ ಮೇಲೆ ನಿಲ್ಲಿಸಿ ನಾನೇ ಮೇಲಕ್ಕೆ ಎತ್ತಿದ್ದು. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಇಲ್ಲಿ ಒಂದು ಸುದ್ದಿ ಇದೆ. ಸರಕಾರದ ಇನ್ಸ್‌ಪೆಕ್ಟರ್ ಜೂನ್ ಐದಕ್ಕೆ ಬರುತ್ತಾರೆ, ಹೆಂಗಸು. ಅಂಥದೇ ಪೆಟ್ಟಿಗೆಯನ್ನು ಅವರ ಕಣ್ಣೆದುರೇ ಎತ್ತಿ ತೋರಿಸಬೇಕಂತೆ. ಹಿಂದೆ ಮನುಷ್ಯ ನಿಲ್ಲದೆಯೇ ಗಾಡಿ ಎತ್ತುತ್ತದೆ ಎಂದು ತೋರಿಸಿಬಿಟ್ಟರೆ, ಭಾವ ಹತ್ತಿದ್ದು ಅವರ ಹುಚ್ಚು ಎಂದಾಗುತ್ತದೆ, ಪರಿಹಾರದ ಕೇಸು ಅಲ್ಲಿಗೆ ಮುಗಿಯುತ್ತದೆ. ಸೂಪರ್‌ವೈಸರ್ ಅದೇ ಅಳತೆಯ ಇನ್ನೊಂದು ಪೆಟ್ಟಿಗೆ ಸಿದ್ಧ ಮಾಡಿಸಿದ್ದಾನೆ. ಒಳಗೆ ಬರೀ ಮರದ ತುಂಡುಗಳು. ಅವತ್ತಿನ ನಿಜವಾದ ಪೆಟ್ಟಿಗೆ ಯಾರೂ ಒಯ್ಯದೆ ಹಿಂದಿನ ಮೂಲೆಯಲ್ಲಿ ಟಾರ್ಪಾಲಿನ ಕೆಳಗೇ ಇದೆ, ಅದರ ಒಂದು ಮೂಲೆ ಒಡೆದಿದೆ. ದಿನಾ ಎರಡು ಸಲ ನನ್ನಿಂದ ಹಗುರದ್ದನ್ನು ಎತ್ತಿಸಿ ಅಭ್ಯಾಸ ಮಾಡಿಸುತ್ತಿದ್ದಾನೆ. ಗಾಡಿ ಹೂವಿನ ಹಾಗೆ ಎತ್ತುತ್ತದೆ.

ನಾನು ಏನು ಮಾಡಲಿ ಹೇಳು. ನೀನು ಹೇಳಿದ ಹಾಗೆ ಮಾಡುತ್ತೇನೆ.

ತಮ್ಮ


ಮೇ 27

ತಮ್ಮಾ,

ಹೇಳುವುದಿಲ್ಲ. ನಾನು ಹೇಳಿ ನೀನು ಮಾಡಿದರೆ, ನಾಳೆ ಲೈಸೆನ್ಸ್ ಹೋದಾಗ 'ಅಕ್ಕ ಹೇಳಿದಳು' ಎನ್ನುತ್ತೀಯ. ಚೆಲ್ಲಿದ ಡಬ್ಬಿ ಮತ್ತೆ ತಾನಾಗಿಯೇ ಬೀಳುತ್ತದೆ.

ಇನ್ಸ್‌ಪೆಕ್ಟರಿಗೆ ನಾನೂ ಒಂದು ಕಾಗದ ಹಾಕಿದ್ದೇನೆ. ಮೂಲೆ ಒಡೆದ ಪೆಟ್ಟಿಗೆ ಎಲ್ಲಿದೆ ಎಂದು ಮಾತ್ರ ಬರೆದಿದ್ದೇನೆ. ನಿನ್ನ ಹೆಸರೆತ್ತಿಲ್ಲ. ಸಿಟ್ಟು ಬಂದರೆ ಬರಲಿ. ಇಷ್ಟೆಲ್ಲ ವಿವರವಾಗಿ ನನಗೆ ಬರೆದದ್ದು ನಾನು ಸುಮ್ಮನಿರಲಿ ಎಂದಲ್ಲ, ಅಷ್ಟು ನನಗೂ ಅರ್ಥವಾಗುತ್ತದೆ.

ಭಾರದ ಪೆಟ್ಟಿಗೆ ಬಂದರೂ ನೀನು ಒಂದು ಸುಳ್ಳು ಹೇಳಿ ಪಾರಾಗಬಹುದು. ಗಾಡಿ ರಿಪೇರಿಯಲ್ಲಿದೆ ಎನ್ನಬಹುದು, ಹೊಟ್ಟೆನೋವು ಎನ್ನಬಹುದು. ಇಲ್ಲಿಂದ ನಾನು ನಿನ್ನನ್ನು ಹಿಡಿದುಕೊಳ್ಳಲಾರೆ. ನನಗೆ ಭಯವಾಗುತ್ತಿದೆ ಕಣೋ. ಪರಿಹಾರ ಸಿಗದಿದ್ದರೆ ಹೇಗೋ ದುಡಿದು ತಿನ್ನುತ್ತೇವೆ. ನನ್ನ ತಮ್ಮನನ್ನು ಇನ್ನು ಮನೆಯೊಳಗೆ ಕರೆಯುವುದು ಹೇಗೆ ಎಂಬುದೇ ನನ್ನ ಭಯ.

ಅಕ್ಕ


ಜೂನ್ 6

ಅಕ್ಕಾ,

ನಿನ್ನೆ ಬಂದಿದ್ದರು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಇನ್ಸ್‌ಪೆಕ್ಟರ್ ಸಣ್ಣ ಆಳು, ತಲೆಗೆ ಹಳದಿ ಟೋಪಿ, ಕಾಲಿಗೆ ಗಂಡಸರ ಬೂಟು. ಸೂಪರ್‌ವೈಸರ್ ಹಗುರದ ಪೆಟ್ಟಿಗೆಯ ಹತ್ತಿರ ಕರೆದೊಯ್ದ. ಅವರು ನಿಲ್ಲಲೇ ಇಲ್ಲ, ನೇರ ಹಿಂದಿನ ಮೂಲೆಗೆ ಹೋಗಿ ಟಾರ್ಪಾಲು ಸರಿಸಿ, "ಇದನ್ನ ಎತ್ತಿ" ಎಂದರು. ಸೂಪರ್‌ವೈಸರ್ ಅಡ್ಡ ಬಂದ. "ಅದು ಡ್ಯಾಮೇಜ್ ಆಗಿದೆ ಮೇಡಂ" ಎಂದ. "ಒಂದು ಗೇಣು ಎತ್ತಿದ್ರೆ ಸಾಕು. ಎಲ್ಲರೂ ದೂರ ನಿಲ್ಲಿ" ಎಂದರು.

ಗಾಡಿಗೆ ಹತ್ತಿ ಕೂರುವಾಗ ಅಲ್ಲೇ ಎಲ್ಲ ಹೇಳಿಬಿಡಬೇಕು ಎಂದುಕೊಂಡೆ. ಹೇಳಲಿಲ್ಲ. ಫೋರ್ಕ್ ತೂರಿಸಿದೆ, ಎತ್ತಿದೆ. ಹಿಂದಿನ ಚಕ್ರ ನೆಲ ಬಿಟ್ಟಿತು. ಗಾಡಿ ಮೂಗು ತಗ್ಗಿಸಿ ಅಲ್ಲಾಡತೊಡಗಿತು. ಅಲ್ಲೇ ಇಳಿಸಬೇಕಿತ್ತು. ನಾನು ಕಾದೆ. ಬೇಕೆಂದೇ ಕಾದೆ ಎಂದು ಜಂಬ ಕೊಚ್ಚಿಕೊಳ್ಳುವುದಿಲ್ಲ. ಕೈಗೆ ಅಭ್ಯಾಸವಾಗಿಹೋಗಿದೆ, ಚಕ್ರ ಎದ್ದರೆ ಕೈ ಕಾಯುತ್ತದೆ.

ಯಾರೋ ಓಡಿ ಬಂದ ಸದ್ದು. ಗಾಡಿ ಹಿಂದೆ ಸ್ವಲ್ಪ ತಗ್ಗಿತು. ಕನ್ನಡಿ ನೋಡಿದರೆ ಸೂಪರ್‌ವೈಸರ್! ಅವನೂ ಹಮಾಲಿಯಾಗಿಯೇ ಸೇರಿದವನು, ಭಾವ ಬರುವ ಮೊದಲು ಅವನೇ ನಿಲ್ಲುತ್ತಿದ್ದನಂತೆ. ಗಾಡಿ ಅಲ್ಲಾಡಿದ್ದನ್ನು ಕಂಡು ಮೈಮರೆತು ಹಾರಿದ್ದಾನೆ. ನಾನು ತಕ್ಷಣ ಲೋಡ್ ನೆಲಕ್ಕೆ ಇಳಿಸಿದೆ, ಎಂಜಿನ್ ಬಂದ್ ಮಾಡಿದೆ.

ಇನ್ಸ್‌ಪೆಕ್ಟರ್ ಹತ್ತಿರ ಬಂದು ಅವನ ಕಾಲ ಕಡೆ ನೋಡಿದರು. ಗಾಡಿಯ ಹಿಂದೆ ಎರಡು ಬೂಟಿನ ಅಗಲಕ್ಕೆ ಬಣ್ಣ ಸವೆದುಹೋಗಿದೆ, ಅವನ ಎರಡೂ ಪಾದ ಸರಿಯಾಗಿ ಅದರ ಮೇಲೇ ಇದ್ದವು. "ನೋಡ್ದೇನೇ ಕಾಲಿಟ್ರಲ್ಲ. ಒಳ್ಳೇ ಅಭ್ಯಾಸ ಇದೆ ನಿಮ್ಗೆ" ಎಂದರು. ಅವನು "ಗಾಡಿ ಬೀಳ್ತಿತ್ತಲ್ಲ ಮೇಡಂ, ಅದಕ್ಕೆ" ಎಂದು ತೊದಲಿದ. "ಅವತ್ತೂ ಬೀಳ್ತಿತ್ತಾ?" ಎಂದು ಕೇಳಿದರು.

ಆಗ ನಾನು ಕೆಳಗಿಳಿದು ಹೇಳಿದೆ. "ಮೇಡಂ, ಅವತ್ತೂ ಹಿಂಗೇ ಆಗಿದ್ದು. ನಾನು ಬಾಯಿಬಿಟ್ಟು ಕರೀಲಿಲ್ಲ, ಕಾದೆ. ನಮ್ಮಲ್ಲಿ ಕಾಯೋದು ಅಂದ್ರೆ ಕರೆಯೋದೇ. ಇಲ್ಲಿ ಎಲ್ಲರಿಗೂ ಗೊತ್ತು, ಇವರಿಗೂ ಗೊತ್ತು." ಅವರು ಬರೆದುಕೊಂಡರು. ಸಹಿ ಹಾಕಿದೆ. ಸಂಜೆ ಗಾಡಿಯ ಕೀಲಿ ಕಸಿದುಕೊಂಡರು, ಮುಂದಿನ ತಿಂಗಳ ತನಕ ಗೇಟಿನ ಒಳಗೆ ಬರಬೇಡ ಎಂದಿದ್ದಾರೆ. ಆಮೇಲಿನದು ನನಗೆ ಗೊತ್ತಿಲ್ಲ. ಕಾವಲಿನವನು ಗೇಟಿನ ಹತ್ತಿರ ನನ್ನ ಕೈ ಹಿಡಿದುಕೊಂಡು ರಸ್ತೆಯ ತನಕ ಬಂದ.

ಭಾವನಿಗೆ ಓದಿ ಹೇಳುತ್ತೀಯಾ? ಅವರ ಮಾತನ್ನು ನಾನು ಸುಳ್ಳು ಮಾಡಿದೆ ಎಂದು ಬೇಜಾರಾದರೆ ಬೈಯಲಿ.

ತಮ್ಮ


ಜೂನ್ 14

ತಮ್ಮಾ,

ಓದಿದೆ. ನನ್ನ ಮಟ್ಟಿಗೆ ಒಂದೇ ಮಾತು: ನಿನ್ನ ಕಾಗದ ಹಿಡಿದು ಆಸ್ಪತ್ರೆಯ ಓಣಿಯ ತುದಿಯ ತನಕ ಸುಮ್ಮನೆ ನಡೆದುಹೋಗಿ ಬಂದೆ, ಮನಸ್ಸು ಅಷ್ಟು ಹಗುರವಾಗಿತ್ತು. ಪರಿಹಾರದ ಅರ್ಜಿ ತೆಗೆದುಕೊಂಡಿದ್ದಾರೆ, ಕಂಪನಿಯೇ ಹೊಣೆ ಎಂದು ಇನ್ಸ್‌ಪೆಕ್ಟರ್ ಬರೆದಿದ್ದಾರಂತೆ.

ಇನ್ನು ಮುಂದಿನದು ನಿನ್ನ ಭಾವನ ಮಾತು. "ನಾನು ಹೇಳಿದ್ದು ಹೇಳಿದ ಹಾಗೆ ಬರಿ, ನಿನ್ನ ಒಗ್ಗರಣೆ ಬೇಡ" ಎಂದಿದ್ದಾರೆ. ಆದ್ದರಿಂದ ಹಾಗೇ ಬರೆಯುತ್ತಿದ್ದೇನೆ.

"ಏನಪ್ಪಾ, ನನ್ನ ಹೇಳಿಕೆನ ನೀರಲ್ಲಿ ತೊಳ್ದುಬಿಟ್ಟೆ. ಇರ್ಲಿ. ಸೂಪರ್‌ವೈಸರ್ ಹಾರಿದ ಕಥೆ ನಿಮ್ಮಕ್ಕ ಓದಿದಳು, ವಾರ್ಡೇ ಬಿದ್ದು ಬಿದ್ದು ನಕ್ತು. ನಾನೂ ನಕ್ಕೆ. ಆಮೇಲೆ ಇನ್ನೊಂದ್ಸಲ ಓದಿಸ್ದೆ. ಅವನು ಹತ್ತಿದ ತಕ್ಷಣ ಲೋಡ್ ಇಳಿಸ್ದೆ ಅಂತ ಬರ್ದಿದೀಯ. ಸರಿಯಾಗೇ ಮಾಡ್ದೆ. ಆದ್ರೆ ನಾನು ಎಷ್ಟು ವರ್ಷ ನಿಂತೆ ಕಣೋ ನಿನ್ನ ಹಿಂದೆ. ಒಂದ್ಸಲ ಇಳಿಸ್ದೆಯಾ? ಇಳೀರಿ ಭಾವಾ, ಇದು ಬೇಡ ಅಂತ ಒಂದ್ಸಲ ಅಂದ್ಯಾ? ನಾನೂ ಅನ್ಲಿಲ್ಲ, ನಂಗೆ ಅದೇ ಖುಷಿ ಅನ್ಕೊಂಡಿದ್ದೆ. ಈ ಪ್ರಶ್ನೆ ನಿನ್ನೆಯಿಂದ ನನ್ನ ಬಿಡ್ತಿಲ್ಲ. ಸಿಟ್ಟಿಲ್ಲ ಅಂತ ಸುಳ್ಳು ಹೇಳಲ್ಲ, ಸಿಟ್ಟಿದೆ. ಉತ್ತರ ಕಾಗದದಲ್ಲಿ ಕಳಿಸ್ಬೇಡ, ನೀನು ಕಾಗದದಲ್ಲಿ ಜಾಣ ಅಂತೆ, ನಿಮ್ಮಕ್ಕ ಹೇಳ್ತಾಳೆ.

ನಾಳೆಯಿಂದ ನನ್ನನ್ನ ಎಬ್ಬಿಸಿ ನಿಲ್ಲಿಸ್ತಾರಂತೆ, ಒಂಟಿ ಕಾಲಲ್ಲಿ. ಪಕ್ಕದಲ್ಲಿ ಯಾರಾದ್ರೂ ಗಟ್ಟಿಯಾಗಿ ಹಿಡ್ಕೊಂಡು ನಿಲ್ಬೇಕು ಅಂತಾರೆ. ನಿಮ್ಮಕ್ಕನ ಕೈಲಿ ನನ್ನ ಭಾರ ತಡ್ಕೊಳ್ಳೋಕಾಗಲ್ಲ, ಮೊನ್ನೆ ಇಬ್ರೂ ಬಿದ್ವಿ. ನಿಂಗೆ ಹೆಂಗೂ ಈಗ ಕೆಲ್ಸ ಇಲ್ಲ. ಬಾ. ಬಂದು ಹಿಡ್ಕೋ."

ಇಷ್ಟು ಹೇಳಿ ಕಣ್ಣು ಮುಚ್ಚಿಕೊಂಡರು. ಸಹಿ ಹಾಕಿಸಿಕೊಳ್ಳಲು ಹೋದರೆ, ಅವನು ಬಂದಾಗ ನೋಡೋಣ ಎಂದರು.

ಅಕ್ಕ